ಹೈಪೋ ನೀರಿನ ಬೆಳ್ಳಿ

ನಮ್ಮ ಮಾವನವರ ಹಿತ್ತಲಿನಲ್ಲಿ ಗೋಡೆಗುಂಟ ಸಾಲಾಗಿ ಮಣ್ಣಿನ ಹರವಿಗಳಿದ್ದವು. ಮದುವೆಯಾಗಿ ಸಿಂದಗಿಗೆ ಬಂದ ಹೊಸದರಲ್ಲಿ, ಕುಡಿಯುವ ನೀರಿನವು ಎಂದುಕೊಂಡು ನಾನು ಒಂದರ ಮುಚ್ಚಳ ತೆಗೆದು ತಂಬಿಗೆ ಅದ್ದಲು ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಅವಸರವಿಲ್ಲದೆ ಹೇಳಿದರು:

"ಅದನ್ನ ಕುಡದ್ರ ಹೊಟ್ಟ್ಯಾಗ ಫೋಟೋ ಮೂಡ್ತಾವ ನೋಡವಾ. ಕುಡಿಯೂ ನೀರು ಆ ಕಡಿ ಅದಾವು."

ಅದು ಹೈಪೋ ನೀರು. ಫೋಟೋ ತೊಳೆಯುವವರು ಡಾರ್ಕ್‌ರೂಂನಲ್ಲಿ ಬಳಸಿ ಬಳಸಿ, ಕಸುವು ಹೋದ ಮೇಲೆ ಗಟಾರಿಗೆ ಚೆಲ್ಲುತ್ತಿದ್ದ ನೀರು. ನಮ್ಮ ಮಾವನವರು ಅದನ್ನು ಚೆಲ್ಲುತ್ತಿರಲಿಲ್ಲ. ಸಿಂದಗಿಯ ಬಜಾರಿನಲ್ಲಿದ್ದ ತಮ್ಮ ಸ್ಟುಡಿಯೋದ ನೀರನ್ನಷ್ಟೇ ಅಲ್ಲ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸ್ಟುಡಿಯೋದವರು ಚೆಲ್ಲಬೇಕೆಂದಿದ್ದ ನೀರನ್ನೂ ಡಬ್ಬಿಗಳಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಹೊತ್ತು ತರುತ್ತಿದ್ದರು. ಯಾಕೆಂದರೆ ಅದರೊಳಗೆ ಬೆಳ್ಳಿ ಇತ್ತು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಈಗ ಟೀವಿಯಲ್ಲಿ ರೀಸೈಕ್ಲಿಂಗ್, ಹಜಾರ್ಡಸ್ ವೇಸ್ಟ್ ಎಂದು ಸೂಟು ಹಾಕಿಕೊಂಡವರು ಮಾತಾಡುವಾಗ ನನಗೆ ಆ ಹಿತ್ತಲು ಕಣ್ಣಿಗೆ ಕಟ್ಟುತ್ತದೆ. ಹಳೆಯ ಧೋತರದ ತುಂಡನ್ನು ಒದ್ದೆ ಮಾಡಿ ಮೂಗು ಬಾಯಿಗೆ ಬಿಗಿದುಕೊಂಡು, ಕೋಲು ಹಿಡಿದು ಹರವಿ ಕಲಕುತ್ತಿದ್ದ ಮಾವನವರು ಕಾಣುತ್ತಾರೆ. ನಾನು ಬೆಳಗಾವಿಯಲ್ಲಿ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಓದಿದವಳು. ಸಿಸ್ಟರುಗಳ ಕೈಯಲ್ಲಿ ಚಮಚ ಹಿಡಿಯುವುದರಿಂದ ಹಿಡಿದು ಕೆಮಿಸ್ಟ್ರಿಯವರೆಗೆ ಎಲ್ಲ ಕಲಿತು ಬಂದಿದ್ದೆ. ಆದರೆ ಫ್ರ್ಯಾಂಕ್ ಆಗಿ ಹೇಳುತ್ತೇನೆ, ಕೆಮಿಸ್ಟ್ರಿ ಎಂಬುದು ಒಬ್ಬ ಮನುಷ್ಯನ ಎದೆಯೊಳಗಿನ ಹಟಕ್ಕೆ ಉಪಯೋಗಕ್ಕೆ ಬರುವಂಥ ವಿದ್ಯೆ ಎಂದು ನನಗೆ ತಿಳಿದದ್ದು ಆ ಹಿತ್ತಲಿನಲ್ಲಿ.

ಹಟ ಏನೆಂಬುದನ್ನು ಮೊದಲು ಹೇಳಿಬಿಡಬೇಕು. ಮಾವನವರ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಅವರು ಯಂಕಂಚಿಯಲ್ಲಿ ಹೊಲಮನೆ ನೋಡಿಕೊಂಡು ಇದ್ದವರು. ಮಾವನವರು ಹರೆಯದಲ್ಲಿ ಸೊಲ್ಲಾಪುರದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು ಬಂದು, ತಮ್ಮದೇ ಕ್ಯಾಮೆರಾ ಬೇಕೆಂದು ಕೂತಾಗ, ಆಯಿ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ ಕೊಟ್ಟಿದ್ದರು. ಕರಡಿಗೆ ಎಂದರೆ ಇಷ್ಟಲಿಂಗವನ್ನು ಒಳಗಿಟ್ಟು ಎದೆಯ ಮೇಲೆ ಧರಿಸುವ ಭರಣಿ. ಅದು ಅವರ ತವರಿನಿಂದ ಬಂದದ್ದು. ಅಂದಿನಿಂದ ಆಯಿ ತಮ್ಮ ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಬಡವರು ಬಹಳ ಮಂದಿ ಹಾಗೆಯೇ ಕಟ್ಟಿಕೊಳ್ಳುತ್ತಾರೆ, ಅದರಲ್ಲಿ ಕೊರತೆಯೇನೂ ಇಲ್ಲ. ಆಯಿ ಒಂದು ದಿನವೂ ಅದರ ಮಾತೆತ್ತಿದವರಲ್ಲ. ಮಾತೆತ್ತದೇ ಇದ್ದದ್ದೇ ಮಾವನವರಿಗೆ ಮುಳ್ಳಾಗಿತ್ತು.

ಸ್ಟುಡಿಯೋ ನಡೆಯತೊಡಗಿದ ಮೇಲೆ ಅಂಗಡಿಯಿಂದ ಒಂದು ಕರಡಿಗೆ ಕೊಂಡು ತರಬಹುದಿತ್ತು. ನಾನು ಹೊಸ ಸೊಸೆಯ ಸಂಕೋಚ ಬಿಟ್ಟು ಅದನ್ನೇ ಕೇಳಿದೆ.

"ಅಂಗಡಿ ಬೆಳ್ಳಿ ಯಾರರ ತರ್ತಾರವಾ," ಎಂದರು ಮಾವನವರು. "ಕ್ಯಾಮೆರಾ ನುಂಗಿದ್ದನ್ನ ಕ್ಯಾಮೆರಾನ ಕಕ್ಕಬೇಕು. ನನ್ನ ಫೋಟೋದಾಗಿನ ಬೆಳ್ಳಿ ನಮ್ಮ ಅವ್ವನ ಕೊಳ್ಳಾಗ ಬೀಳಬೇಕು."

"ಕಕ್ಕಿದ್ದನ್ನ ಕೊಳ್ಳಾಗ ಹಾಕ್ತಾರಂತ," ಎಂದು ಅತ್ತೆ ಒಳಗಿನಿಂದ ಸೇರಿಸಿದರು. "ಮಾತಿಗೇನು ರೊಕ್ಕಾ ಬೀಳ್ತೈತೇನು."

ಮಾವನವರು ಮಾತಿನ ಮನುಷ್ಯ. ತಮ್ಮನ್ನು ತಾವು ಆರ್ಟಿಸ್ಟ್ ಎಂದು ಕರೆದುಕೊಳ್ಳುತ್ತಿದ್ದರು. ಗಿರಾಕಿಗಳ ಗದ್ದ ಹಿಡಿದು ತಿರುಗಿಸಿ, "ಹಿಂಗ ನೋಡ್ರಿ, ಈಗ ನೀವು ಮಹಾರಾಜರಂಗ ಕಾಣ್ತೀರಿ" ಎನ್ನುತ್ತಿದ್ದರು. ಆದರೆ ಹಿತ್ತಲಿಗೆ ಬಂದರೆ ಮೌನ. ಫಿಲ್ಮಿನ ಮೇಲೆ ಬೆಳ್ಳಿಯ ಉಪ್ಪು ಬಳಿದಿರುತ್ತಾರೆ. ಬೆಳಕು ಬಿದ್ದಲ್ಲಿ ಅದು ಕಪ್ಪಾಗಿ ನಿಂತು ಚಿತ್ರವಾಗುತ್ತದೆ, ಬೆಳಕು ಬೀಳದಲ್ಲಿ ಉಳಿದದ್ದನ್ನು ಹೈಪೋ ಕರಗಿಸಿ ಎಳೆದುಕೊಳ್ಳುತ್ತದೆ. ಎಷ್ಟೋ ಮದುವೆಗಳ, ಎಷ್ಟೋ ಸಾಲಿಯ ಮಕ್ಕಳ ಚಿತ್ರದಲ್ಲಿ ಸೇರದೇ ಹೋದ ಬೆಳ್ಳಿ ಆ ಹರವಿಗಳಲ್ಲಿ ಕೂತಿರುತ್ತಿತ್ತು. ಸೊಲ್ಲಾಪುರದ ಮಾಲೀಕ ಬಾಗಿಲು ಹಾಕಿಕೊಂಡು ಅದನ್ನು ತೆಗೆಯುತ್ತಿದ್ದನಂತೆ. ಮಾವನವರು ಬಾಗಿಲ ಸಂದಿಯಿಂದ ಕಂಡಷ್ಟು ಕಲಿತು ಬಂದಿದ್ದರು. ಹರವಿಯಲ್ಲಿ ಹಳೆಯ ಕಬ್ಬಿಣದ ತಗಡಿನ ಚೂರು ಹಾಕಿಟ್ಟರೆ, ಕೆಲವು ದಿನಗಳಲ್ಲಿ ಬೆಳ್ಳಿ ಕರಿಯ ರಾಡಿಯಾಗಿ ತಳಕ್ಕೆ ಕೂರುತ್ತದೆ. ತೊಂದರೆಯೆಂದರೆ ಅದರ ಜತೆಗೆ ಕಬ್ಬಿಣದ ಜಂಗೂ ಸೇರಿ ಕೆಂಪು ಕೆಸರಾಗುತ್ತಿತ್ತು. ಅಕ್ಕಸಾಲಿಗ ಪತ್ತಾರ ಅದನ್ನು ಕರಗಿಸಲು ಕೂತರೆ ಬೆಳ್ಳಿಗಿಂತ ಕಸವೇ ಹೆಚ್ಚು ಬರುತ್ತಿತ್ತು.

ಒಂದು ಮಧ್ಯಾಹ್ನ ಅದನ್ನು ನೋಡುತ್ತ ನಿಂತಾಗ ನನಗೆ ಕಾನ್ವೆಂಟಿನ ಲ್ಯಾಬ್ ನೆನಪಾಯಿತು. ಬಿಳಿ ಉಡುಪಿನ ಸಿಸ್ಟರ್ ಗಾಜಿನ ನಳಿಗೆಯಲ್ಲಿ ಸತುವಿನ ಚೂರು ಬಿಟ್ಟು, "ಲುಕ್ ಗರ್ಲ್ಸ್, ದಿ ಸಿಲ್ವರ್ ಈಸ್ ಕಮಿಂಗ್ ಹೋಮ್" ಎಂದಿದ್ದರು. ನಾನು ಮೆಲ್ಲಗೆ ಹೇಳಿದೆ:

"ಮಾವಾರ, ಕಬ್ಬಿಣಕ್ಕಿಂತ ಸತು ಹಾಕಿದ್ರ ಛಲೋ ಆಗ್ತೈತ್ರಿ. ಜಂಗ್ ಬರೂದಿಲ್ಲ."

"ಸತು ಎಲ್ಲಿಂದ ತರ್ಲಿವಾ ಈ ಊರಾಗ?"

"ಬ್ಯಾಟರಿ ಸೆಲ್ಲಿನ ಒಳಗಿನ ಡಬ್ಬಿ ಸತುವಿಂದ ಇರ್ತೈತ್ರಿ."

ಅವರು ಗೂಟಕ್ಕೆ ತೂಗುಹಾಕಿದ್ದ ಬ್ಯಾಟರಿ ಟಾರ್ಚನ್ನು ಇಳಿಸಿ, ಅಲ್ಲೇ ತಿರುವಿ ಸೆಲ್ ಹೊರತೆಗೆದು, ಮೇಲಿನ ಕಾಗದ ಸುಲಿದು ನೋಡಿದರು. ಅದು ಇನ್ನೂ ಜೀವವಿದ್ದ ಸೆಲ್. ಅತ್ತೆ ಹಣೆಗೆ ಕೈ ಹಚ್ಚಿಕೊಂಡರು. "ಅಂತೂ ನಿಮ್ಮ ಸಿಸ್ಟರ್‌ಗೊಳು ಮನಿ ಕೆಡಿಸೂ ವಿದ್ಯಾ ಬರೋಬರಿ ಕಲಿಸ್ಯಾರ," ಎಂದರು ನನಗೆ.

ಆಮೇಲೆ ಸತ್ತ ಸೆಲ್ಲುಗಳ ಬೇಟೆ ಶುರುವಾಯಿತು. ರಾತ್ರಿ ಹೊಲಕ್ಕೆ ನೀರು ಹಾಯಿಸುವವರ ಬ್ಯಾಟರಿಗಳು, ಪಂಚಾಯಿತಿಯ ರೇಡಿಯೋ, ಎಲ್ಲಿ ಸೆಲ್ ಸತ್ತರೂ ಮಾವನವರಿಗೆ ಸುದ್ದಿ ಮುಟ್ಟುತ್ತಿತ್ತು. ಒಡೆದು, ಒಳಗಿನ ಕರಿಪುಡಿಯನ್ನು ಕೈಗೆ ಹತ್ತದಂತೆ ಕಾಗದದಲ್ಲಿ ಸುತ್ತಿ, ಸತುವಿನ ಡಬ್ಬಿಯನ್ನು ತಿಕ್ಕಿ ತೊಳೆದು, ಕತ್ತರಿಸಿ ಹರವಿಯಲ್ಲಿ ಇಳಿಬಿಡುತ್ತಿದ್ದರು. ಒಂದು ಕಸ ಇನ್ನೊಂದು ಕಸದೊಳಗಿನ ಬೆಳ್ಳಿಯನ್ನು ಎಳೆದು ತೆಗೆಯುತ್ತಿತ್ತು. ಇದಕ್ಕಿಂತ ಬ್ಯೂಟಿಫುಲ್ ಆದದ್ದನ್ನು ನಾನು ಯಾವ ಲ್ಯಾಬಿನಲ್ಲೂ ನೋಡಿಲ್ಲ. ಹರವಿಯ ನೀರಿನಲ್ಲಿ ಬೆಳ್ಳಿ ಇನ್ನೂ ಉಳಿದಿದೆಯೋ ಇಲ್ಲವೋ ನೋಡಲು ತಾಮ್ರದ ತಂತಿಯ ತುದಿಯನ್ನು ಅದ್ದುತ್ತಿದ್ದರು. ಬೆಳ್ಳಗಾದರೆ ಇನ್ನೂ ಇದೆ. ಹಾಗೇ ಉಳಿದರೆ ಮುಗಿಯಿತು. ಮುಗಿದ ನೀರನ್ನೂ ಅವರು ಗಟಾರಿಗೆ ಬಿಟ್ಟವರಲ್ಲ. ಬಾವಿಯಿಂದ ದೂರ, ಹಿತ್ತಲಿನ ಕೊನೆಗೆ ಕುಣಿ ತೋಡಿ, ಸುಣ್ಣ ಹಾಕಿ, ಅದರಲ್ಲೇ ಸುರಿದು, ಸೆಲ್ಲಿನ ಕರಿಪುಡಿಯನ್ನೂ ಅಲ್ಲೇ ಹುಗಿದು, ಮೇಲೆ ಕಲ್ಲು ಮುಚ್ಚುತ್ತಿದ್ದರು. ಯಾರೂ ಅವರಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಕೇಳಿದರೆ, "ಬಾವಿ ಎಲ್ಲಾರದು" ಎನ್ನುತ್ತಿದ್ದರು, ಅಷ್ಟೇ.

ಎಕ್ಸ್‌ರೇ ಫಿಲ್ಮುಗಳದ್ದು ಇನ್ನೊಂದು ಕತೆ. ಬಿಜಾಪುರದ ಒಂದು ಆಸ್ಪತ್ರೆಯವರು ಹಳೆಯ ಎಕ್ಸ್‌ರೇಗಳನ್ನು ರದ್ದಿಯ ಜತೆಗೆ ಹರಾಜು ಹಾಕಿದಾಗ ಮಾವನವರು ಒಂದು ಗಂಟು ಹಿಡಿದು ತಂದರು. ಹಿತ್ತಲಿನಲ್ಲಿ ದೊಡ್ಡ ಬೋಗುಣಿಯಲ್ಲಿ ನೀರು ಕಾಯಿಸಿ, ತೊಳೆಯುವ ಸೋಡಾ ಹಾಕಿ, ಅದರಲ್ಲಿ ಒಂದೊಂದೇ ಫಿಲ್ಮ್ ಅದ್ದಿದರೆ, ಹಾಲಿನ ಮೇಲಿನ ಕೆನೆ ಸರಿದಂತೆ ಕಪ್ಪು ಪದರು ಸರಿದುಹೋಗುತ್ತಿತ್ತು. ಯಾರದೋ ಪಕ್ಕೆಲುಬು, ಯಾರದೋ ಮೊಣಕೈ, ನೋಡುನೋಡುತ್ತಿದ್ದಂತೆ ನೀರಾಗುತ್ತಿತ್ತು. ನೀರಿನ ಅಡಿಯಲ್ಲಿ ಬೆಳ್ಳಿಯ ಮಸಿ. ಕೈಯಲ್ಲಿ ಉಳಿಯುತ್ತಿದ್ದದ್ದು ಆಕಾಶದ ಬಣ್ಣದ, ಬಾಗಿದರೂ ಮುರಿಯದ ಪ್ಲಾಸ್ಟಿಕ್ ಹಾಳೆ. ಅದನ್ನು ಗಾಜಿನ ಬದಲು ಫೋಟೋದ ಚೌಕಟ್ಟಿಗೆ ಹಾಕಿಕೊಡುತ್ತಿದ್ದರು. ಮಾಳಿಗೆಯ ಬೆಳಕಿಂಡಿಗೂ ಒಂದನ್ನು ಹೊಂದಿಸಿದ್ದರು. ಅದರಿಂದ ನಮ್ಮ ಅಡುಗೆಮನೆಗೆ ಮಣ್ಣು ಬೀಳುವುದು ನಿಂತು, ಒಲೆಯ ಮುಂದೆ ತಿಳಿನೀಲಿಯ ಒಂದು ಚೌಕ ಬಿಸಿಲು ಬೀಳತೊಡಗಿತು.

"ಯಾರದೋ ಎದಿಗೂಡು ನನ್ನ ರೊಟ್ಟಿ ಮ್ಯಾಲ," ಎಂದು ಅತ್ತೆ ಮೊದಲು ಗೊಣಗಿದರು. ವಾರ ಕಳೆದ ಮೇಲೆ ಎರಡನೆಯ ಬೆಳಕಿಂಡಿಗೂ ಒಂದು ಕೇಳಿದರು.

ಇನ್ನು ಹೊರಗಿನ ಊರುಗಳ ಹೈಪೋ. ಮಾವನವರು ತಿಂಗಳಿಗೊಮ್ಮೆ ಕೆಂಪು ಬಸ್ಸು ಹತ್ತಿ ಹೋಗಿ, ಎಣ್ಣೆಯ ಡಬ್ಬಿಗಳಲ್ಲಿ ಅದನ್ನು ತರುತ್ತಿದ್ದರು. ಕಂಡಕ್ಟರನ ಮೂಗಿಗೆ ಹುಳಿವಾಸನೆ ಬಡಿದು, "ಏನ್ರೀ ಇದು, ಸೇಂದಿ ಏನು?" ಎಂದರೆ, "ಮೂಸಿ ನೋಡು, ಕುಡದ್ರ ಕುಡಿ" ಎಂದು ಮುಚ್ಚಳ ತೆಗೆಯುತ್ತಿದ್ದರು. ಅವನು ತಾನೇ ಡಬ್ಬಿಯನ್ನು ಹಿಂದಿನ ಸೀಟಿನ ಕೆಳಗೆ ತಳ್ಳುತ್ತಿದ್ದ. ಆ ಸ್ಟುಡಿಯೋಗಳವರು ಯಾಕೆ ಸುಮ್ಮನೆ ಕೊಡುತ್ತಾರೆ ಎಂಬುದು ನನಗೆ ಬಹಳ ದಿನ ತಿಳಿದಿರಲಿಲ್ಲ. ಹೊಲಸು ನೀರು, ಯಾರಾದರೂ ಒಯ್ದರೆ ಸಾಕು ಎಂದು ಕೊಡುತ್ತಿರಬಹುದು ಅಂದುಕೊಂಡಿದ್ದೆ.

ವರುಷ ತುಂಬುವ ಹೊತ್ತಿಗೆ ಕರಿರಾಡಿ ಒಂದು ಬೋಗುಣಿಯಷ್ಟಾಯಿತು. ಧೋತರದಲ್ಲಿ ಸೋಸಿ, ಮೇಲಿಂದ ಮೇಲೆ ತೊಳೆದು, ಬಿಸಿಲಿಗೆ ಒಣಗಿಸಿ, ಪತ್ತಾರನ ಹತ್ತಿರ ಒಯ್ದೆವು. ಅವನು ಬಿಳಿಗಾರ ಬೆರೆಸಿ ಮೂಸೆಯಲ್ಲಿಟ್ಟು ತಿದಿ ಒತ್ತಿದ. ಗಂಧಕದ ಹೊಗೆ ಎದ್ದು ಓಣಿಯ ಮಂದಿಯೆಲ್ಲ ಬೈದರು. ಆಮೇಲೆ ಮೂಸೆ ಬಗ್ಗಿಸಿದಾಗ, ಆ ಕರಿಯ ಹೊಲಸಿನೊಳಗಿನಿಂದ ಬಿಳಿಯ ಒಂದು ಧಾರೆ ಅಚ್ಚಿಗೆ ಇಳಿಯಿತು. ಆರಿದ ಮೇಲೆ ನೋಡಿದರೆ ಎರಡು ದೊಡ್ಡ ಅಡಿಕೆ ಕೂಡಿಸಿದಷ್ಟು ಬೆಳ್ಳಿ. ಮಾವನವರು ಅದನ್ನು ಧೋತರದ ಚುಂಗಿನಿಂದ ಒರೆಸಿ ಒರೆಸಿ ನೋಡಿದರು. ಆಯಿಗೆ ಆ ವರುಷ ಉಸಿರು ಹತ್ತುವುದು ಶುರುವಾಗಿತ್ತು. ಮೆಟ್ಟಿಲು ಹತ್ತಿದರೆ ನಿಂತು ನಿಂತು ಹತ್ತುತ್ತಿದ್ದರು. ಅವರು ಇರುವಾಗಲೇ ಕೊರಳಿಗೆ ಹಾಕಬೇಕು ಎಂಬುದು ಮಾವನವರ ಮುಖದ ಮೇಲೆ ಬರೆದಿತ್ತು.

ಮರುದಿನವೇ ಯಂಕಂಚಿಗೆ ಹೋದೆವು. ಕರಡಿಗೆ ಮಾಡಿಸುವ ಮೊದಲು ಬೆಳ್ಳಿಯನ್ನು ತಾಯಿಯ ಕೈಯಲ್ಲಿ ಇಟ್ಟು ನಮಸ್ಕರಿಸಬೇಕೆಂಬುದು ಅವರ ಆಸೆ. ಆಯಿ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ದೇವಣಗಾಂವದಿಂದ ಬಂದಿದ್ದ ಮಾವನವರ ಅಕ್ಕ ಪಕ್ಕದಲ್ಲಿದ್ದರು. ಬೆಳ್ಳಿ ಎಲ್ಲಿಂದ ಬಂತೆಂದು ಮಾವನವರು ಎಲ್ಲ ಬಿಡಿಸಿ ಹೇಳಿದರು: ಹೈಪೋ, ಸೆಲ್ಲು, ಎಕ್ಸ್‌ರೇ. ಅಕ್ಕ ಗಲ್ಲಕ್ಕೆ ಕೈ ಹಚ್ಚಿದರು.

"ರೋಗದ ಮಂದಿ ಎಲುಬಿನ ಫೋಟೋ ತೊಳದದ್ದೇನೋ ಇದು? ಅದರಾಗ ಲಿಂಗಾ ಇಡತಾರೇನೋ? ಸತ್ತವರದು ಎಷ್ಟವೋ ಏನೋ."

ಆಯಿ ಬೆಳ್ಳಿಯನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. ಮಗಳ ಕಡೆ ತಿರುಗದೆಯೇ ಹೇಳಿದರು. "ಲಿಂಗಕ್ಕ ಸೂತಕ ಇಲ್ಲಂತ ಸಣ್ಣಾಕಿದ್ದಾಗಿಂದ ಕೇಳೀದಿ. ಲಿಂಗಕ್ಕ ಇಲ್ಲದ್ದು ಬೆಳ್ಳಿಗೆ ಎಲ್ಲಿಂದ ಬಂತು? ಸುಮ್ನ ಕುಂದರು."

ಮಾವನವರ ಮುಖ ಅರಳಿತು. ಆಯಿ ಮಗನ ಕಡೆ ತಿರುಗಿದರು.

"ಎಲುಬಿನ ಫೋಟೋ ಹರಾಜಿನ್ಯಾಗ ತಂದಿ. ಅದು ಆತು. ಆ ಮೂರು ಊರಾವ್ರು ನೀರು ಕೊಟ್ಟಾರಲ್ಲ, ಅದರಾಗ ಬೆಳ್ಳಿ ಐತಂತ ಅವರಿಗೆ ಗೊತ್ತೈತೇನು?"

ಮಾವನವರು ಕುತ್ತಿಗೆ ತುರಿಸಿಕೊಂಡರು. "ಗೊತ್ತಿಲ್ಲ ಯವ್ವಾ."

"ಮತ್ತ ಏನ್ ಹೇಳಿ ತಂದಿ?"

"ಹೊರಸಿನ ತಗಣಿ ಸಾಯಸಾಕ ಬೇಕಂತ ಹೇಳೀನಿ."

ಬೆಳ್ಳಿಯ ನೀರು ಮಂಚದ ತಿಗಣೆಗೆ ಔಷಧವಾದದ್ದು ಕೇಳಿ ನನಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದೆ. ಆಯಿ ನಗಲಿಲ್ಲ. ಬೆಳ್ಳಿಯನ್ನು ಮಗನ ಕೈಗೆ ತಿರುಗಿ ಕೊಟ್ಟರು.

"ತಗಣಿ ಹೆಸರಲೆ ತಂದದ್ದನ್ನ ಎದಿ ಮ್ಯಾಲ ಹ್ಯಾಂಗ ಇಟ್ಕೊಳ್ಳಲೋ?"

"ಅವರು ಗಟಾರಕ್ಕ ಚೆಲ್ಲತಿದ್ರು ಯವ್ವಾ. ನಾ ಏನ್ ಕದ್ದೀನೇನು? ಕಷ್ಟಪಟ್ಟು ತಗದೀನಿ."

"ಕಷ್ಟ ನಿಂದು, ಬುದ್ಧಿ ನಿಂದು, ಅದಕ್ಕ ಯಾರು ಇಲ್ಲಂತಾರ? ಹೇಳಿ ತಗೋ. ಹೇಳಿದ ಮ್ಯಾಲೂ ಕೊಟ್ರ ಅದು ಕಾಯಕ. ಹೇಳದ ತಂದ್ರ ಅದಕ್ಕ ನೀನ ಹೆಸರಿಡು." ಮತ್ತೆ ಮೊರ ಎತ್ತಿಕೊಂಡು ಜೋಳ ಕೇರತೊಡಗಿದರು. ಎರಡು ಸಲ ಕೇರಿ, ಉಸಿರಿಗೆ ನಿಂತು, ನನ್ನ ಕಡೆ ಗದ್ದ ತೋರಿದರು. "ಈಕೀನ ಕರಕೊಂಡು ಹೋಗು. ಒಬ್ಬಾವ ಹೋದ್ರ ಅರ್ಧಾ ಹೇಳಿ ಬರ್ತಿ."

ಮಾವನ ಜತೆಗೆ ಸೊಸೆ ಊರೂರು ತಿರುಗುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಆದರೆ ಆಯಿ ಹೇಳಿದ ಮೇಲೆ ಮುಗಿಯಿತು. ನನ್ನ ಯಜಮಾನರು ಸ್ಟುಡಿಯೋ ನೋಡಿಕೊಂಡರು. ಅತ್ತೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಹೊರಡುವಾಗ ಗಂಡನಿಗೆ, "ಹೇಳಿದ ಮ್ಯಾಲ ಯಾರು ಕೊಡ್ತಾರ? ಇದ್ದದ್ದೂ ಹೊಕ್ಕೈತಿ. ಇರ್ಲಿ, ಆಯಿ ಅಂದದ್ದ ಖರೆ," ಎಂದರು. ಆ ಮಾತಿನಲ್ಲಿ ಕುಹಕವಿರಲಿಲ್ಲ.

ಮೊದಲು ಇಂಡಿ. ಅಲ್ಲಿಯ ಸ್ಟುಡಿಯೋದವರು ತಲೆಗೆ ಎಣ್ಣೆ ಹಚ್ಚಿ ಮಿರಮಿರ ಬಾಚಿಕೊಂಡ, ದಪ್ಪ ಮೈಯ ಮನುಷ್ಯ. ಮಾವನವರು ನಿಂತುಕೊಂಡೇ ಎಲ್ಲ ಹೇಳಿದರು. ಅವರು ನಂಬಲಿಲ್ಲ.

"ಏನ್ ಮಾತಾಡ್ತೀರಿ ಅಣ್ಣಾರ. ನೀವು ಹೇಳಿದ ಮ್ಯಾಲ ನಾನೂ ನಮ್ಮ ಹೊರಸಿಗೆ ಅದನ್ನ ಹೊಡದೇನಿ. ತಗಣಿ ಖರೇನ ಸತ್ತಾವ."

"ಸತ್ತಿಲ್ರಿ. ನಾ ಸುಳ್ಳು ಹೇಳಿದ್ದೆ."

"ನೀವು ಸುಳ್ಳು ಹೇಳಿರಬೇಕು, ಆದ್ರ ತಗಣಿ ಸತ್ತದ್ದು ನಾ ಕಣ್ಣಾರೆ ನೋಡೇನಿ."

ಮಾವನವರು ಅವರ ಡಾರ್ಕ್‌ರೂಂನ ಜಾಡಿಯಿಂದ ಹಳೆಯ ಹೈಪೋ ತರಿಸಿ, ಜೇಬಿನಲ್ಲಿದ್ದ ತಾಮ್ರದ ತಂತಿಯನ್ನು ಉಜ್ಜಿ ಅದ್ದಿದರು. ತುದಿ ಬೆಳ್ಳಗಾಯಿತು. ಇಂಡಿಯವರು ತಂತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೆಳ್ಳಿ ಇರಬೇಕು ಬಿಡ್ರಿ. ನನಗ ಅದನ್ನ ತೆಗಿಯೂ ಉಸಾಬರಿ ಬ್ಯಾಡ. ನೀವ ಒಯ್ರಿ, ಹಿಂದಿಂದೂ ನಿಮ್ದ, ಮುಂದಿಂದೂ ನಿಮ್ದ. ಒಂದು ಬಾಟ್ಲಿ ಮಾತ್ರ ನನಗ ಬಿಡ್ರಿ, ಬ್ಯಾಸಿಗ್ಯಾಗ ಬೇಕಾಗ್ತೈತಿ." ನನ್ನ ಕಡೆ ತಿರುಗಿ, "ಚಹಾ ಕುಡೀರಿ ತಂಗೀ, ಇಂಥಾ ಮಾವ ಎಲ್ಲಾರಿಗೂ ಸಿಗೂದಿಲ್ಲ" ಎಂದರು. ಅದು ಹೊಗಳಿಕೆಯೋ ಚೇಷ್ಟೆಯೋ ನನಗೆ ಇಂದಿಗೂ ತಿಳಿದಿಲ್ಲ.

ಬಾಗೇವಾಡಿಯಲ್ಲಿ ಸ್ಟುಡಿಯೋ ಇಟ್ಟಿದ್ದವರು ವಯಸ್ಸಾದವರು, ಕಡಿಮೆ ಮಾತಿನವರು. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. "ತಾಯಿ ಕರಡಗಿಗಂತ ಹೇಳಾಕತ್ತೀರಿ. ಈ ಬಸವನ ಊರಾಗ ಕುಂತು ಇಲ್ಲ ಅನ್ನಾಕ ನನಗ ಬಾಯಿ ಬರ್ತೈತೇನ್ರಿ? ಇಲ್ಲೀತನಕದ್ದು ಲಿಂಗಕ್ಕ ಬಿಟ್ಟೇನಿ. ಇನ್ನ ಮುಂದ ನನ್ನ ನೀರು ನನ್ನ ಕಡೇನ ಇರ್ಲಿ. ತೆಗಿಯೂದು ಹ್ಯಾಂಗಂತ ಕಲಿಸಿ ಹೋಗ್ರಿ." ಮಾವನವರು ಅಲ್ಲೇ ಹಿತ್ತಲಿಗೆ ಹೋಗಿ ಮಧ್ಯಾಹ್ನದವರೆಗೆ ಕೂತು ಕಲಿಸಿದರು. ಸೊಲ್ಲಾಪುರದ ಮಾಲೀಕ ಬಾಗಿಲು ಮುಚ್ಚಿಕೊಂಡು ಮಾಡಿದ್ದನ್ನು ಇವರು ಬಾಗಿಲು ತೆರೆದಿಟ್ಟು ತೋರಿಸಿದರು. ಧೋತರ ಮೂಗಿಗೆ ಕಟ್ಟಿಕೊಳ್ಳುವುದನ್ನು, ಬಾವಿಯಿಂದ ದೂರ ಕುಣಿ ತೋಡುವುದನ್ನು ಎರಡೆರಡು ಸಲ ಹೇಳಿದರು.

ಮುದ್ದೇಬಿಹಾಳದ್ದು ಕಠಿಣವಾಯಿತು. ಅಲ್ಲಿಯವರು ಹೊಸದಾಗಿ ಸ್ಟುಡಿಯೋ ತೆರೆದ ಹುರುಪಿನ ಗೃಹಸ್ಥ. ಮಾವನವರನ್ನು ಗುರುವಿನ ಹಾಗೆ ಕಾಣುತ್ತಿದ್ದವರು. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು.

"ಅಣ್ಣಾ ಅಂತ ಕರದು ಚಹಾ ಕುಡಿಸಿ ಡಬ್ಬಿ ತುಂಬಿಸಿ ಕೊಟ್ಟೇನಿ. ಬಸ್ಸಿನ ತನಕ ಹೊತ್ತು ತಂದೇನಿ. ನೀವು ನನ್ನ ಕೈಲೆ ನನ್ನ ಬೆಳ್ಳಿ ಹೊರಿಸೀರಿ."

"ಹೌದ್ರಿ," ಎಂದರು ಮಾವನವರು.

"ಹೌದ್ರಿ ಅಂದ್ರ ಆಗಿ ಹೋತೇನು? ನನ್ನ ಪಾಲು ನನಗ ಬೇಕು."

ಮಾವನವರು ಸೊಂಟದ ಚೀಲದಿಂದ ಬೆಳ್ಳಿಯ ಗಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಯಾರದು ಎಷ್ಟು ಎಂದು ಯಾವ ದೇವರಿಗೂ ತಿಳಿಯುವಂತಿರಲಿಲ್ಲ. ಕಡಿಮೆ ಹೇಳಬಹುದಿತ್ತು, ವಾದಿಸಬಹುದಿತ್ತು. ಎದುರಿಗಿದ್ದವರಿಗೆ ಏನೂ ಗೊತ್ತಿರಲಿಲ್ಲ. ಮಾವನವರು ಅಲ್ಲೇ ಇದ್ದ, ನೆಗೆಟಿವ್ ತಿದ್ದುವ ರೀಟಚಿಂಗ್ ಪೆನ್ಸಿಲ್ ಎತ್ತಿ ಮುದ್ದೇಬಿಹಾಳದವರ ಕೈಗೆ ಕೊಟ್ಟರು. "ನೀವ ಗೆರಿ ಹಾಕ್ರಿ. ಎಲ್ಲಿ ಹಾಕ್ತೀರಿ ಅಲ್ಲಿ ಕಡಸೂಣು."

ಮುದ್ದೇಬಿಹಾಳದವರು ಗೆರೆಯನ್ನು ನಡುವಿಗೆ ಹತ್ತಿರವೇ ಹಾಕಿದರು. ಅಲ್ಲಿಯ ಪತ್ತಾರನ ಅಂಗಡಿಗೆ ಹೋಗಿ ಉಳಿಯಿಂದ ಕಡಿಸಿದೆವು. ಇನ್ನು ಮುಂದೆ ನಮ್ಮ ಅಂಗಡಿಗೆ ಕಾಲಿಡಬೇಡಿ ಎಂದರು ಮುದ್ದೇಬಿಹಾಳದವರು.

ಬಸ್ಸಿನಲ್ಲಿ ಮಾವನವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಇಕ್ಕೆಲಕ್ಕೂ ಕರಿಯ ಹೊಲಗಳಲ್ಲಿ ಬಿಳಿಜೋಳ ತೆನೆ ಬಿಟ್ಟಿತ್ತು. ಅಳುತ್ತಿದ್ದಾರೇನೋ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿ ಹೇಳಿದರು:

"ಅಷ್ಟು ಸಿಟ್ಟಿನ್ಯಾಗೂ ಗೆರಿ ನೆಟ್ಟಗ ಹಾಕ್ಯಾನ ಮಗಾ, ನೋಡವಾ. ಕೈ ಅಳ್ಳಾಡ್ಲಿಲ್ಲ. ಮುಂದ ಛಲೋ ರೀಟಚಿಂಗ್ ಮಾಡ್ತಾನ."

ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಎಂದು ವಾರಕ್ಕೊಂದು ಪೀರಿಯಡ್ ಇರುತ್ತಿತ್ತು. ಆನೆಸ್ಟಿ, ಜೆನೆರಾಸಿಟಿ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದರು. ಆ ಎರಡು ಪದಗಳೂ ಒಬ್ಬನೇ ಮನುಷ್ಯನ ಬಾಯಿಂದ, ತನ್ನದು ಕಳೆದುಕೊಂಡು ಒಂದು ತಾಸೂ ಆಗುವ ಮೊದಲು, ಹೀಗೆ ಬರುತ್ತವೆಂದು ಯಾವ ಸಿಸ್ಟರೂ ನನಗೆ ಹೇಳಿರಲಿಲ್ಲ.

ಸಿಂದಗಿಯ ಪತ್ತಾರ ಉಳಿದ ಬೆಳ್ಳಿಯನ್ನು ನೋಡಿ ತಲೆ ಆಡಿಸಿದ. ಸಾಲುವುದಿಲ್ಲ, ಸ್ವಲ್ಪ ಅಂಗಡಿ ಬೆಳ್ಳಿ ಬೆರೆಸೋಣ ಎಂದ. ಕಾಯುವುದಾದರೆ ಇಂಡಿಯ ನೀರು, ನಮ್ಮ ನೀರು ಸೇರಿ ಇನ್ನೂ ಒಂದು ವರುಷ ಬೇಕು. ಮಾವನವರು ನನ್ನನ್ನೂ ಕರೆದುಕೊಂಡು ಯಂಕಂಚಿಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಏನು ಮಾಡಲೆಂದು ಕೇಳಿದರು. ಆಯಿ ನನ್ನ ಕಡೆ ನೋಡಿದರು. ಹೌದೆಂದು ನಾನು ತಲೆ ಆಡಿಸಿದೆ.

"ಇದ್ದಷ್ಟರಾಗ ಮಾಡಸು," ಎಂದರು ಆಯಿ. "ಲಿಂಗ ಏನ್ ಉಬ್ಬಿ ಕುಂತಿಲ್ಲ."

ಹಾಗಾಗಿ ಅದು ಸಣ್ಣ ಕರಡಿಗೆಯಾಯಿತು. ತಗಡು ತೆಳ್ಳಗೆ, ಮೇಲೆ ಹೂವಿಲ್ಲ, ಬಳ್ಳಿಯಿಲ್ಲ. ಎರಡು ಹೋಳು ಕೂಡುವಲ್ಲಿ ಬೆಸುಗೆಯ ಗುರುತು ಕಾಣುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಆಯಿ ವಸ್ತ್ರದ ಗಂಟು ಬಿಚ್ಚಿ, ಲಿಂಗವನ್ನು ಅದರಲ್ಲಿಟ್ಟು, ಶಿವದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಮಾವನವರು ಹೊಸ್ತಿಲಲ್ಲಿ ನಿಂತಿದ್ದರು. ಅಂದು ಕ್ಯಾಮೆರಾ ತಂದಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿ, ಮುಂದೆ ಕಟ್ಟಿ, ಕಡೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಯಿ ಅಂಗೈಯಿಂದ ಅದನ್ನು ಎದೆಗೆ ಒತ್ತಿಕೊಂಡು ಒಂದಿಷ್ಟು ಹೊತ್ತು ಕಣ್ಣು ಮುಚ್ಚಿ ಕೂತರು. ಉಸಿರಿಗೆ ಅದು ಏಳುತ್ತ ಇಳಿಯುತ್ತ ಇತ್ತು.

ಮಳೆಗಾಲ ಮುಗಿದ ಮೇಲೆ ಮುದ್ದೇಬಿಹಾಳದವರು ಸಿಂದಗಿಗೆ ಬಂದರು. ಕೈಯಲ್ಲಿ ಡಬ್ಬಿ. ತಾವೇ ಬೆಳ್ಳಿ ತೆಗೆಯಲು ಹೋಗಿ, ಸೆಲ್ಲಿನ ಒಳಗಿನ ಕರಿಪುಡಿ ತೆಗೆಯದೆ ಅದರ ಸಮೇತ ಹಾಕಿ, ಬೂದುಬಣ್ಣದ ಗಂಜಿ ಮಾಡಿಕೊಂಡಿದ್ದರು. ಕೈಯ ಚರ್ಮ ಸುಲಿದಿತ್ತು. ಮಾವನವರು ಅವರನ್ನು ಹಿತ್ತಲಿಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂಡಿಸಿ, "ಇದೇನ್ರೀ, ಬೆಳ್ಳಿ ತೆಗಿತೀರೋ ಅಂಬಲಿ ಕಾಸ್ತೀರೋ" ಎನ್ನುತ್ತ, ಮೊದಲು ಆ ಕೈಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿದರು. ಆಮೇಲೆ ಆ ಗಂಜಿಯನ್ನು ಸೋಸಿ, ತಿರುಗಿ ತೊಳೆದು, ಅದರೊಳಗಿನ ಬೆಳ್ಳಿಯನ್ನು ಉಳಿಸಿಕೊಟ್ಟರು. ಅತ್ತೆ ಅವರಿಗೆ ಬಡಿಸುವಾಗ ತುಪ್ಪ ಒಂದು ಚಮಚ ಹೆಚ್ಚೇ ಹಾಕಿದರು.

ಹೊರಡುವ ಮೊದಲು ಅವರು ಸಂಕೋಚದಿಂದ ಕೇಳಿದರು, ತಾಯಿಯ ಕರಡಿಗೆಯನ್ನು ನೋಡಬಹುದೇ ಎಂದು. ಮಾವನವರು ಅವರನ್ನು ಯಂಕಂಚಿಗೆ ಕರೆದೊಯ್ದರು. ನಾನೂ ಹೋದೆ.

ಆಯಿ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಲಿಂಗವನ್ನು ಕೊರಳಿನಿಂದ ತೆಗೆಯುವ ಹಾಗಿಲ್ಲ. ಅವರು ದಾರವನ್ನು ಎಳೆದು ಕರಡಿಗೆಯನ್ನು ಅಂಗೈಯಲ್ಲಿ ಮುಂದೆ ಹಿಡಿದರು. ಮುಟ್ಟಬಾರದೆಂದು ಮುದ್ದೇಬಿಹಾಳದವರು ಕೈ ಹಿಂದೆ ಕಟ್ಟಿಕೊಂಡು, ಸೊಂಟ ಬಗ್ಗಿಸಿ, ಮುಖ ಹತ್ತಿರ ತಂದು ನೋಡಿದರು. ಬೆಸುಗೆಯ ಗುರುತನ್ನು, ಹೂವಿಲ್ಲದ ಮೈಯನ್ನು ನೋಡಿದರು.

"ಇದರಾಗ ನಂದೂ ತುಸು ಐತೇನ್ರಿ ಅಮ್ಮಾ?" ಎಂದು ಕೇಳಿದರು.

"ಇಲ್ಲಪ್ಪ," ಎಂದರು ಆಯಿ. "ನಿಂದು ನಿನಗ ಮುಟ್ಟೈತಲ್ಲ."

ಅವರು ತಲೆ ಎತ್ತಲಿಲ್ಲ. ಆಯಿಯೂ ಕರಡಿಗೆಯನ್ನು ಒಳಗೆ ಎಳೆದುಕೊಳ್ಳಲಿಲ್ಲ. ಅವರು ನೋಡಿ ಮುಗಿಸುವವರೆಗೆ, ಸೋತ ಕೈಗೆ ಇನ್ನೊಂದು ಕೈಯ ಆಸರೆ ಕೊಟ್ಟು, ಹಾಗೇ ಹಿಡಿದುಕೊಂಡು ಕೂತರು.